ಹೃದಯಕ್ಕೂ ಕಿಡ್ನಿಗೂ ನನ್ನ ಪಂಚಾತಿಕೆ

ಜಗಳ ಬಿಡಿಸುವುದರಲ್ಲಿ ನನಗೆ ಹೆಸರಿದೆ ಎಂದು ಈಗ ನಾನೇ ಹೇಳಿಕೊಳ್ಳಬೇಕಾಗಿದೆ. ಬೇರೆಯವರು ಈಚೆಗೆ ಹೇಳುತ್ತಿಲ್ಲ. ಅಣ್ಣತಮ್ಮಂದಿರ ಪಾಲು, ಬಾವಿಯ ಹಕ್ಕು, ಮದುವೆಯಲ್ಲಿ ಮುನಿಸಿಕೊಂಡ ಮಾವ, ಎಲ್ಲ ವ್ಯಾಜ್ಯಗಳೂ ಬಿಜೈಯಲ್ಲಿರುವ ನಮ್ಮ ಮನೆಯ ಜಗಲಿಗೆ ಬರುತ್ತಿದ್ದವು. ಎರಡೂ ಕಡೆಯ ಮಾತು ಕೇಳಿ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುವುದು ನಮ್ಮ ಮನೆತನದ ರೂಢಿ. ಅಂಥ ನನ್ನ ಮೈಯೊಳಗೇ ಹೃದಯಕ್ಕೂ ಕಿಡ್ನಿಗೂ ಜಗಳ ಹತ್ತಿಕೊಂಡಿತು.

ಹೃದಯ ದುರ್ಬಲವಾಗಿರುವುದು ಮೊದಲೇ ಗೊತ್ತಿತ್ತು. ಅದು ರಕ್ತವನ್ನು ಸರಿಯಾಗಿ ತಳ್ಳದ್ದರಿಂದ ಕಿಡ್ನಿ ಸೊರಗಿದೆ ಎಂದರು ಆಸ್ಪತ್ರೆಯ ಮೇಲಿನ ಮಹಡಿಯ ಕಿಡ್ನಿ ಡಾಕ್ಟರು. ಕಿಡ್ನಿ ನೀರನ್ನೂ ಉಪ್ಪನ್ನೂ ಹೊರಹಾಕದ್ದರಿಂದ ಹೃದಯಕ್ಕೆ ಹೊರೆಯಾಗಿದೆ ಎಂದರು ಕೆಳಗಿನ ಮಹಡಿಯ ಹೃದಯದ ಡಾಕ್ಟರು. ನೀರಿಳಿಸುವ ಮಾತ್ರೆ ಹೆಚ್ಚಿಸಿದರೆ ಉಸಿರಾಟ ಹಗುರ, ಆದರೆ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಗೋಳು. ಕಡಿಮೆ ಮಾಡಿದರೆ ಕಾಲು ಊದಿ ಚಪ್ಪಲಿಗೆ ಹಿಡಿಸುವುದಿಲ್ಲ. ಇಬ್ಬರೂ ಸರಿ ಇದ್ದಾಗಲೇ ಜಗಳ ಬೆಳೆಯುವುದು ಎಂಬುದು ನನ್ನ ಅನುಭವ. ನಾನು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿ, ಒಬ್ಬರ ಮಾತನ್ನು ಸ್ವಲ್ಪ ಮಸಾಲೆ ಸೇರಿಸಿ ಇನ್ನೊಬ್ಬರಿಗೆ ಮುಟ್ಟಿಸಿದೆ.

ಕೊನೆಗೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ನನ್ನ ಕಾಲನ್ನು ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಏಳಲೇ ಇಲ್ಲ. ಊತ ಇಳಿಯದಿದ್ದರೆ ಅಡ್ಮಿಟ್ ಆಗಬೇಕು, ಡಯಾಲಿಸಿಸ್‌ವರೆಗೂ ಹೋಗಬಹುದು ಎಂದರು. ಆಗ ನಿಜವಾಗಿ ಹೆದರಿದೆ. ಬಾಟಲಿಗೆ ಗುರುತು ಹಾಕಿಯೇ ನೀರು ಕುಡಿಯುತ್ತೇನೆ, ಸಾರಿಗೆ ಉಪ್ಪು ಬಿಟ್ಟಿದ್ದೇನೆ, ಇನ್ನೇನು ಮಾಡಲಿ ಎಂದು ಕೇಳಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಮತಿ ಮೆಲ್ಲಗೆ ಬಾಯಿಬಿಟ್ಟಳು.

"ಡಾಕ್ಟ್ರೇ, ಇವರು ದಿನಾ ಎರಡು ಹೊತ್ತು ಗಂಜಿ ಊಟ ಮಾಡ್ತಾರೆ. ಅದರ ತಿಳಿ ನೀರಿನ ಲೆಕ್ಕಕ್ಕೆ ಉಂಟಾ?"

"ಅದು ಊಟ ಅಲ್ವಾ ಮಾರಾಯ್ತಿ, ನೀರು ಹೇಗೆ ಆಗ್ತದೆ?" ಎಂದೆ.

ಡಾಕ್ಟರಿಬ್ಬರೂ ಮುಖ ಮುಖ ನೋಡಿಕೊಂಡು, ಗಂಜಿಗೆ ನೆಂಚಿಕೊಳ್ಳಲು ಏನೆಂದು ವಿಚಾರಿಸಿದರು. ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ಬಂದರಿನಿಂದ ತಂದ ಒಣಮೀನಿನ ಚಟ್ನಿ ಎಂದಳು ಸುಮತಿ. ಹುಟ್ಟಿದಾರಭ್ಯ ಗಂಜಿಯೆಂದರೆ ಕಾಯಿಲೆಯವರ ಪಥ್ಯ ಎಂದು ನಂಬಿದ ನನಗೆ ಅದೇ ಆರೋಪಿಯೆಂದು ಹೇಗೆ ಹೊಳೆಯಬೇಕು?

ಮಾತ್ರೆ ಬದಲಾಯಿತು, ಗಂಜಿಯ ತಿಳಿ ಬಸಿದು ಬರೀ ಅನ್ನ ಬಡಿಸುವ ಕ್ರಮ ಬಂತು. ಎರಡರ ಕಾಯಿಲೆಯೂ ಹೋಗಿಲ್ಲ, ಆದರೆ ಊತ ಇಳಿದು ಜಗಳ ತಣ್ಣಗಾಗಿದೆ. ಮೊನ್ನೆ ಕಾಟಿಪಳ್ಳದ ಅಣ್ಣತಮ್ಮಂದಿರಿಬ್ಬರು ಪಾಲಿನ ವಿಷಯ ಮಾತಾಡಲು ಬಂದರು. ನಾನು ಗತ್ತಿನಿಂದ ಕೂತು ಮೆಲ್ಲನೆ ಕಾಲನ್ನು ಒತ್ತಿ ನೋಡಿದೆ. ಸಣ್ಣದೊಂದು ಗುಳಿ ಬಿತ್ತು. ಹಿಂದಿನ ದಿನ ತಂಗಿಯ ಮನೆಯಲ್ಲಿ ಉಂಡ ಗಂಜಿ ನೆನಪಾಯಿತು. ಸುಮತಿಗೆ ಕಾಣದಂತೆ ಪಂಚೆಯನ್ನು ಪಾದದವರೆಗೆ ಎಳೆದುಕೊಂಡು ಗಂಟಲು ಸರಿಮಾಡಿಕೊಂಡೆ. ಪಂಚಾತಿಕೆಗೆ ಕೂತ ಮೇಲೆ ಯಾರೂ ಏನನ್ನೂ ಮುಚ್ಚಿಡಬಾರದು ಎಂದು ಆ ಅಣ್ಣತಮ್ಮಂದಿರಿಗೆ ಬುದ್ಧಿ ಹೇಳತೊಡಗಿದೆ.