ಮೂರನೆಯ ಒಬ್ಬೆಯ ಮಿರ್ಚಿ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ರಮಾಬಾಯಿಯ ಮಿರ್ಚಿ. ಕಲ್ಲಗೇಟ್ ಊರಿನ ಬಸ್‌ಸ್ಟ್ಯಾಂಡಿನ ಎದುರು ಆಕೆಯ ಬಂಡಿ. ದಿನಕ್ಕೆ ಮೂರೇ ಒಬ್ಬೆ ಕರಿಯುತ್ತಾಳೆ. ನಾಲ್ಕನೆಯದನ್ನು ಡಿಸಿ ಸಾಹೇಬರೇ ಬಂದು ಕೇಳಿದರೂ ಒಲೆ ಆರಿಸಿ ಮನೆಗೆ ಹೋಗುವ ಹೆಂಗಸು. "ಕೈ ದಣಿದ ಮ್ಯಾಲ ರುಚಿ ಇರಂಗಿಲ್ರಿ" ಎನ್ನುತ್ತಾಳೆ. ವಾಡಿಯಿಂದ ಸೇಡಂವರೆಗೆ ಮಿರ್ಚಿ ತಿಂದು ನೋಡಿದವರು ಯಾರೂ ಈ ಮಾತಿಗೆ ಎದುರಾಡುವುದಿಲ್ಲ.

ಬಸವಲಿಂಗನ ಗತಿ ಏನೆಂದರೆ, ಸಿಮೆಂಟ್ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತಿಕೆ ಮುಗಿಸಿ ಬಸ್ಸಿಳಿಯುವ ಹೊತ್ತಿಗೆ ಮೊದಲೆರಡು ಒಬ್ಬೆ ಖಾಲಿ. ಮೂರನೆಯದು ಎಣ್ಣೆಯಿಂದ ಮೇಲೇಳುವುದಕ್ಕೂ ಪೇದೆ ಶಿವರಾಯನ ಬೈಕು ಬಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. "ನಮ್ಮ ಮೇಡಂಗ ಬೇಕಂತ" ಎಂದು ಅಷ್ಟನ್ನೂ ಪೇಪರಿನಲ್ಲಿ ಸುತ್ತಿಕೊಂಡು ಹೋಗಿಬಿಡುತ್ತಿದ್ದ. ರೊಕ್ಕದ ಮಾತೇ ಇಲ್ಲ.

ಬೇರೆ ದಿನಗಳಲ್ಲಾದರೆ ಬಸವಲಿಂಗ ಒಳಗೊಳಗೇ ಬೈದುಕೊಂಡು ಸುಮ್ಮನಾಗುತ್ತಿದ್ದ. ಈಗ ಹಾಗಲ್ಲ, ಏಳು ತಿಂಗಳ ಬಸುರಿ ಮಗಳು ನಾಗರತ್ನಾ ತವರಿಗೆ ಬಂದಿದ್ದಾಳೆ. ಅವಳ ಬಯಕೆ ಒಂದೇ, ಸುಸಲಾ ಜೊತೆ ರಮಾಬಾಯಿಯ ಮಿರ್ಚಿ. ಸುಸಲಾಕ್ಕೇನು, ಚುರುಮುರಿ ನೆನೆಸಿ ಒಗ್ಗರಣೆ ಕೊಟ್ಟರೆ ಮನೆಯಲ್ಲೇ ಆಯಿತು. ಮಿರ್ಚಿಗೆಂದು ಹೋದ ಅಪ್ಪ ಮಾತ್ರ ಮೂರು ದಿನದಿಂದ ಬರಿಗೈಲಿ ಬರುತ್ತಿದ್ದ.

"ಅಪ್ಪಾ, ಇವತ್ತೂ ತರಲಿಲ್ಲಂದ್ರ ನಾ ಗಂಡನ ಮನಿಗೇ ಹೋಗ್ತೀನ್ ನೋಡು," ಎಂದಳು ಬೆಳಿಗ್ಗೆ, ಕಣ್ಣಲ್ಲಿ ನೀರು ತಂದುಕೊಂಡು.

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಸರ್ವರಬೇಗಂಳ ಕಿವಿ ಇತ್ತಲೇ ಇತ್ತು. "ಬಸುರಿ ಬಯಕಿ ತೀರಸಲಿಲ್ಲಂದ್ರ ಹ್ಯಾಂಗ್ರಿ ಭಾಯ್? ಹೊಸಾ ಪಿಎಸ್‌ಐ ಬಂದಾರ, ಪೂನಮ್ ಮೇಡಂ ಅಂತ. ಭಾಳ ಖಡಕ್. ಹೋಗಿ ಅರ್ಜಿ ಕೊಡ್ರಿ. ನಿಮಗ ಅಂಜಿಕಿ ಇದ್ರ ನಾನೂ ಬರ್ತೀನಿ."

ಈಕೆ ನಿಜವಾಗಿಯೂ ಬಂದರೆ ಗತಿಯೇನೆಂದು ಬಸವಲಿಂಗ ತಡಮಾಡದೆ ಅಂಗಿ ತೊಟ್ಟು ಹೊರಟ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಕೂತಿದ್ದವನು ಯಾರೆಂದಿರಿ? ಸಾಕ್ಷಾತ್ ಶಿವರಾಯ!

"ಬರ್ರಿ, ಕುಂದ್ರಿ. ಯಾರ ಮ್ಯಾಲ ದೂರು?"

ಬಸವಲಿಂಗ ಕುರ್ಚಿಯ ಅಂಚಿಗೆ ಕೂತ. ಎದ್ದು ಹೋಗೋಣವೆಂದರೆ ಮಗಳ ಮುಖ ಕಣ್ಣಮುಂದೆ ಬಂತು. "ನಿಮ್ಮ ಮ್ಯಾಲೇ ರಿ," ಎಂದುಬಿಟ್ಟ.

ಶಿವರಾಯ ಪೆನ್ನಿನ ಮುಚ್ಚಳ ತೆಗೆದವನು ಹಾಗೇ ಉಳಿದ. ಅಷ್ಟರಲ್ಲಿ ಒಳಕೋಣೆಯಿಂದ ಪೂನಮ್ ಮೇಡಂ ದನಿ ಬಂತು: "ಯಾರ ಮ್ಯಾಲಾರ ಇರ್ಲಿ ಶಿವರಾಯ, ಅವರು ಹೇಳಿದ್ದು ಹೇಳಿದಂಗ ಬರ್ಕೋರಿ. ಒಂದಕ್ಷರ ಬಿಡಬ್ಯಾಡ್ರಿ."

ಬಸವಲಿಂಗನಿಗೆ ಧೈರ್ಯ ಬಂತು. ಆದರೆ ಇಪ್ಪತ್ತು ವರ್ಷ ಸ್ಟೋರಿನಲ್ಲಿ ಸವೆದ ಮನುಷ್ಯ. ಅಲ್ಲಿ ಒಂದು ಬೋಲ್ಟು ಕಾಣೆಯಾದರೂ ಅದರ ಉದ್ದ, ದಪ್ಪ, ಬಣ್ಣ ಪೂರಾ ಬರೆಯದೆ ವರದಿ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿಯೂ ಅದೇ ಚಾಳಿ ಹಿಡಿದ.

"ಮದಲ ಮಾಲಿನ ವಿವರ ಬರೀರಿ. ಮೆಣಸಿನಕಾಯಿ ಒಂದು ಗೇಣುದ್ದ. ಹೊಟ್ಟಿ ಸೀಳಿ ಹುಣಸಿ, ಜೀರಗಿ, ಉಪ್ಪು ತುಂಬಿದ್ದು. ಕಡ್ಲಿಹಿಟ್ಟು ತೆಳ್ಳಗ ಹಿಡಿದಿರ್ತದ. ಕಡಿದ್ರ ಹೊರಗ ಕರುಂ, ಒಳಗ ಬೆಣ್ಣಿ. ನಾಲಿಗಿ ಮ್ಯಾಲ ಮದಲ ಹುಳಿ, ಆಮ್ಯಾಲ ಖಾರ ನಿಧಾನಕ ಕಿವಿಗೇರ್ತದ..."

ಶಿವರಾಯ ಉಗುಳು ನುಂಗಿದ. "ಅಜವಾನ ಬಿಟ್ರಿ ನೋಡ್ರಿ," ಎಂದ ಆರೋಪಿ.

"ಹೌದ್ ನೋಡ್ರಿ! ಅಂಗೈಯಾಗ ತಿಕ್ಕಿ ಹಾಕಿದ ಅಜವಾನ. ಬರೀರಿ, ಬರೀರಿ."

ಇಬ್ಬರೂ ಸೇರಿ ನಾಲ್ಕು ಪುಟ ತುಂಬಿಸಿದರು. ಶಿವರಾಯನ ಅಪರಾಧಕ್ಕೆ ಅದರಲ್ಲಿ ಕೊನೆಯ ನಾಲ್ಕು ಸಾಲು ಸಿಕ್ಕಿತು.

ಪೂನಮ್ ಮೇಡಂ ಠಾಣೆಯ ಸಿಬ್ಬಂದಿಯನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. "ನಮ್ಮ ಮ್ಯಾಲ ಬಂದ ದೂರು ನಾವೇ ಮುಚ್ಚಿಡಂಗಿಲ್ಲ" ಎಂದು ಪೂರ್ತಿ ಓದಿದರು. ಓದುತ್ತ ಹೋದಂತೆ ಸಾಲಿನಲ್ಲಿದ್ದವರು ಒಬ್ಬೊಬ್ಬರೇ ತುಟಿ ಸವರಿಕೊಂಡರು. ಮೂರನೆಯ ಪುಟದಲ್ಲಿ ಮೇಡಂ ಒಮ್ಮೆ ನಿಲ್ಲಿಸಿ ನೀರು ಕುಡಿದರು. ಕೊನೆಯ ನಾಲ್ಕು ಸಾಲಿಗೆ ಮುಖ ಕೆಂಪಾಯಿತು.

"ನನ್ನ ಹೆಸರಿಲೆ ತಂದೀರಿ? ನಾ ಇನ್ನಾ ಆ ಮಿರ್ಚಿ ಮಾರಿನೇ ನೋಡಿಲ್ಲ! ಈಗ್ಲೇ ಹೋಗಿ ಆ ಅಕ್ಕನ ರೊಕ್ಕ ಕೊಟ್ಟು ತಪ್ಪಾತಂತ ಹೇಳಿ ಬರ್ರಿ. ಇನ್ನ ಮ್ಯಾಲ ಈ ಠಾಣೇದವರು ಯಾರಿಗೇ ಮಿರ್ಚಿ ಬೇಕಂದ್ರೂ ಪಾಳಿಗಿ ನಿಲ್ಲಬೇಕು, ರೊಕ್ಕ ಕೊಡಬೇಕು. ನಾನೂ ಸೈತ."

ಆಮೇಲೆ ಬಸವಲಿಂಗನಿಗೆ ಕೈಮುಗಿದು, "ನಮ್ಮದು ತಪ್ಪಾಗ್ಯಾದ್ರಿ ಕಾಕಾ," ಎಂದರು. ಅವನಿಗೆ ಕಣ್ಣು ತುಂಬಿ ಬಂತು. ಪೊಲೀಸರು ಕೈಮುಗಿದಿದ್ದನ್ನು ಅವನು ಚುನಾವಣೆಯಲ್ಲೂ ಕಂಡವನಲ್ಲ. ದಿನವಿಡೀ ಕಾರ್ಖಾನೆಯಲ್ಲಿ ಅದೇ ಮಾತು. "ಅಧಿಕಾರಿ ಅಂದ್ರ ಹಿಂಗಿರಬೇಕ್ರಿ! ಎಂಥಾ ತಾಯಿ ಹಡೆದಾಳೋ ಪುಣ್ಯಾತ್ಗಿತ್ತಿನ!"

ಸಂಜೆ ಎಂದಿಗಿಂತ ಒಂದು ತಾಸು ಮೊದಲೇ ಕೆಲಸ ಬಿಟ್ಟು ಬಂದು ಬಸ್ಸಿಳಿದು ನೋಡುತ್ತಾನೆ, ರಮಾಬಾಯಿಯ ಬಂಡಿಯಿಂದ ಪಂಕ್ಚರ್ ಅಂಗಡಿಯವರೆಗೆ ಖಾಕಿ ಪಾಳಿ. ಬೆಳಿಗ್ಗೆ ದೂರು ಕೇಳಿದವರಲ್ಲಿ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಕೈಯಲ್ಲಿ ನೋಟು ಹಿಡಿದು, ನೂಕದೆ, ಮುಗುಮ್ಮಾಗಿ ನಿಂತಿದ್ದರು. ಒಂಬತ್ತನೆಯವರಾಗಿ ಮೇಡಂ, ಕೊನೆಗೆ ಶಿವರಾಯ. ಜನ ಅಂಗಡಿ ಬಿಟ್ಟು ಬಂದು ಮೆಚ್ಚಿ ನೋಡುತ್ತಿದ್ದರು. ಬಸವಲಿಂಗನೂ ಮೆಚ್ಚುತ್ತಲೇ ಶಿವರಾಯನ ಹಿಂದೆ ನಿಂತ.

ಮೊದಲನೆಯ ಒಬ್ಬೆ ಹೋಯಿತು. ಎರಡನೆಯದೂ ಹೋಯಿತು. ಮೇಡಂ ಒಂದು ತಿಂದು ಕಣ್ಣುಮುಚ್ಚಿ, "ಕಾಕಾ, ದೂರಿನಾಗ ಒಂದಕ್ಷರಾನೂ ಸುಳ್ಳಿಲ್ರಿ!" ಎಂದರು. ಮೂರನೆಯ ಒಬ್ಬೆಯ ಕೊನೆಯ ನಾಲ್ಕು ಮಿರ್ಚಿ ಶಿವರಾಯನ ಕೈಗೆ ಬಂದವು. ರಮಾಬಾಯಿ ಒಲೆ ಆರಿಸಿದಳು.

"ರಮಾಬಾಯಿ, ಮಗಳು ಬಸುರಿ ಅದಾಳ್ರಿ, ಎರಡೇ ಎರಡು..."

"ಹಿಟ್ಟೇ ಮುಗದದ್ರಿ ಅಣ್ಣಾ! ನಿಮ್ಮ ಪುಣ್ಯ, ಪೊಲೀಸ್ರ ಕೈಲೆ ರೊಕ್ಕ ಇಸ್ಕೊಂಡೆ!"

ಬಸವಲಿಂಗನ ಮುಖ ನೋಡಿ ಶಿವರಾಯನಿಗೇ ಕರುಳು ಚುರ್ರೆಂದಿತು. ಸದ್ದಿಲ್ಲದೆ ಎರಡು ಮಿರ್ಚಿ ಅವನತ್ತ ಚಾಚಿದ.

"ಶಿವರಾಯ!" ಎಂದರು ಮೇಡಂ. "ದೂರು ಕೊಟ್ಟವರಿಗಿ ಏನು ಕೊಡಾಕತ್ತೀರಿ? ಅದು ಲಂಚ ಆಗ್ತದ."

ಕೈ ಹಿಂದಕ್ಕೆ ಹೋಯಿತು. ಮೇಡಂ ಕಾಗದ ಮುಂದಿಟ್ಟರು. "ಕಾಕಾ, ನಿಮ್ಮ ದೂರು ಬಗಿಹರೀತಲ್ರಿ? ಸಮಾಧಾನ ಆಗ್ಯಾದ ಅಂತ ಇಲ್ಲಿ ಸಹಿ ಮಾಡ್ರಿ."

ತಪ್ಪು ಹುಡುಕೋಣವೆಂದರೆ ಒಂದೂ ಸಿಗಲಿಲ್ಲ. ಸಹಿ ಹಾಕಿದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅಪ್ಪಾ, ಸಿಕ್ತಾ?"

"ನ್ಯಾಯ ಸಿಕ್ತವ್ವಾ."

"ಮಿರ್ಚಿ?"

ಶಿವರಾಯ ಎರಡನೆಯದನ್ನು ಕರುಂ ಎಂದು ಕಡಿಯುತ್ತಿದ್ದ.

"ಅವು ಪೊಲೀಸ್ರ ವಶದಾಗ ಅವಾ."