ಸಂಘದ ಕಾರಿಗೆ ಬಂದ ರೋಗವೂ ಅದು ಗುಣವಾದ ಬಗೆಯೂ

ಕಾರು ಮೂಲತಃ ರೇಷ್ಮೆ ಹುಳುಗಳ ವಾಹನ. ಮನುಷ್ಯರು ಅದರಲ್ಲಿ ಕೂರುವುದು ಅನಿವಾರ್ಯ ಸಂದರ್ಭಗಳಲ್ಲಿ ಮಾತ್ರ. ಕೂಟಗಲ್ ಕಡೆಯ ಒಂದು ಊರಿನ ಹುಳು ಸಾಕಣೆದಾರರ ಹಿತರಕ್ಷಣಾ ಸಂಘವು ಈ ಸತ್ಯವನ್ನು ಸರ್ವಾನುಮತದಿಂದ ಅಂಗೀಕರಿಸಿತ್ತು.

ಗೂಡಿನ ಬೆಲೆ ಕೆಜಿಗೆ ಸಾವಿರ ಮುಟ್ಟಿ, ಹುರುಳಿ ಬಿತ್ತುತ್ತಿದ್ದ ಹೊಲಕ್ಕೆಲ್ಲ ಹಿಪ್ಪುನೇರಳೆ ಕಡ್ಡಿ ನೆಟ್ಟ ಕಾಲ ಅದು. ಮರಿ ಹುಳುಗಳನ್ನು ಕನಕಪುರದ ಕಡೆಯಿಂದ ತರಬೇಕಿತ್ತು. ಆಟೋದಲ್ಲಿ ತಂದರೆ ಬಿಸಿಲಿಗೆ ಬಾಡುತ್ತವೆಂದು ಸಂಘವು ಯಾರೋ ಡಾಕ್ಟರು ಓಡಿಸಿ ಬಿಟ್ಟಿದ್ದ ಹಳೇ ಕಾರೊಂದನ್ನು, ಎ.ಸಿ. ಇದೆಯೆಂಬ ಒಂದೇ ಕಾರಣಕ್ಕೆ, ಕೊಂಡಿತು. ಓಡಿಸಲು ಮಂಚಯ್ಯನನ್ನು ನೇಮಿಸಿತು. ಕಾರಿನಲ್ಲಿ ಏರ್‌ಬ್ಯಾಗ್ ಎಂಬ ಚೀಲಗಳೂ ಇವೆ, ಕಾರು ಗುದ್ದಿದಾಗ ಉಬ್ಬಿ ಮನುಷ್ಯನನ್ನು ಕಾಯುತ್ತವೆ ಎಂದು ತಿಳಿದದ್ದು ಆಮೇಲೆ. ಒಂದು ಸ್ಟಿಯರಿಂಗಿನೊಳಗೆ, ಇನ್ನೊಂದು ಎಡಗಡೆ ಕೂರುವವರ ಎದುರಿಗೆ. ಎಡಗಡೆ ಕೂರುತ್ತಿದ್ದವರು ಅಧ್ಯಕ್ಷ ಪುಟ್ಟಲಿಂಗಯ್ಯ. ಹಾಗಿದ್ದಮೇಲೆ ಒಂದೇ ಸಾಕಾಗಿತ್ತು ಎಂದು ಕೆಲವು ಸದಸ್ಯರು ಅಭಿಪ್ರಾಯಪಟ್ಟರು.

ಹುಳು ಸಾಕುವವರು ಕೈಕಾಲು ತೊಳೆಯದೆ ಹುಳುಮನೆಗೆ ಕಾಲಿಡುವುದಿಲ್ಲ. ನೆಲಕ್ಕೆ, ಗೋಡೆಗೆ, ತಟ್ಟೆಗೆ ಬ್ಲೀಚಿಂಗ್ ಪೌಡರಿನ ನೀರು ಹೊಡೆಯುತ್ತಾರೆ; ಇಲ್ಲವಾದರೆ ರೋಗ ಹೊಕ್ಕು ಇಡೀ ಬೆಳೆಯೇ ಹೋಗುತ್ತದೆ. ಇದು ಸರಿಯಾದ ಪದ್ಧತಿ. ಕಾರೂ ಹುಳುಮನೆಯೇ ಆದ್ದರಿಂದ ಪ್ರತಿ ಸಲ ಹುಳು ತರುವ ಮುಂಚೆ ಅದರ ಒಳಗೂ ಪಂಪಿನಲ್ಲಿ ಹೊಡೆಯತಕ್ಕದ್ದೆಂದು ವಾಹನ ಉಪಸಮಿತಿ ನಿಯಮ ಮಾಡಿತು. ಉಪಸಮಿತಿಯ ಸಂಚಾಲಕ ಕೆಂಪಯ್ಯ, ಅಧ್ಯಕ್ಷರ ಬಾಮೈದ. ಪೌಡರು ಮಾರುವವನೂ ಅವನೇ ಆಗಿದ್ದರಿಂದ ಪೌಡರಿಗಾಗಿ ದೂರ ಅಲೆಯುವ ತೊಂದರೆ ಸಂಘಕ್ಕೆ ಇರಲಿಲ್ಲ.

ಹೀಗೆ ಹೊಡೆದೂ ಹೊಡೆದೂ ಒಂದು ದಿನ ಮಂಚಯ್ಯನ ಕಣ್ಣೆದುರಿನ ಫಲಕದಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡಿತು. ಕೂತ ಮನುಷ್ಯನೊಬ್ಬನ ಹೊಟ್ಟೆಯ ಮುಂದೆ ಕುಂಬಳಕಾಯಿ ಇಟ್ಟಂಥ ಚಿತ್ರ. ಕಾರು ನಿಲ್ಲಿಸಿ ಮತ್ತೆ ಶುರು ಮಾಡಿದರೂ ಅದು ಆರಲಿಲ್ಲ. ಮಂಚಯ್ಯ ಕಾರನ್ನು ರಾಮನಗರದ ಮೆಕ್ಯಾನಿಕ್ ನಿಯಾಜನ ಹತ್ತಿರ ಒಯ್ದ.

ನಿಯಾಜ್ ಸ್ಕ್ಯಾನರ್ ಚುಚ್ಚಿ ನೋಡಿದ. ಬ್ಯಾಟರಿಯ ವೈರು ಬಿಚ್ಚಿಟ್ಟು, ಇಬ್ಬರೂ ಚಾ ಕುಡಿದು ಬರುವಷ್ಟು ಹೊತ್ತು ಕಾದು, ಸೀಟಿನ ಕೆಳಗೆ ತಲೆ ತೂರಿಸಿದ.

"ಮಂಚಣ್ಣ, ಇಲ್ಲಿ ಏರ್‌ಬ್ಯಾಗ್ ವೈರು ಸೇರ್ಸೋ ಹಳದಿ ಕನೆಕ್ಟರ್ ಐತಲ್ಲ, ಒಳಗೆಲ್ಲ ಹಸಿರು ಕಿಲುಬು ಕಟ್ಬುಟ್ಟೈತೆ. ಏನ್ ಚೆಲ್ತೀರ ಇಲ್ಲಿ?"

"ಬ್ಲೀಚಿಂಗ್ ನೀರು ಹೊಡೀತೀವಿ."

ನಿಯಾಜ್ ತಲೆ ಹೊರಗೆ ತೆಗೆದ. ಕಾರನ್ನು ನೋಡಿದ, ಮಂಚಯ್ಯನನ್ನು ನೋಡಿದ. "ಕಾರಿನ ಒಳಗಾ?"

"ನಿಯಮ ಐತೆ."

"ಕನೆಕ್ಟರ್ ಬದಲಾಯ್ಸಿ, ನೀರ್ ಹೊಡೆಯೋದು ನಿಲ್ಸಿ. ಇಷ್ಟೇ ಕೆಲಸ. ಆದ್ರೆ ಒಂದ್ ಮಾತು ಕೇಳ್ಕೊ. ಈ ದೀಪ ಹತ್ಕೊಂಡಿರೋವರ್ಗೂ ಚೀಲ ಬಿಚ್ಕೊಳ್ಳಲ್ಲ. ಎಲ್ಲಾದ್ರೂ ಗುದ್ದಿದ್ರೆ ಸ್ಟಿಯರಿಂಗು ಸೀದಾ ನಿನ್ ಮುಖಕ್ಕೆ, ಎದೆಗೆ."

ಅವತ್ತಿನಿಂದ ಮಂಚಯ್ಯನಿಗೆ ಕನಕಪುರದ ರಸ್ತೆಯ ಇಳಿಜಾರು ಬಂದರೆ ಎದೆ ಡವಗುಟ್ಟುತ್ತಿತ್ತು. ಮೊದಲೂ ಅದೇ ಇಳಿಜಾರು, ಅದೇ ಎದೆ, ಗೊತ್ತಾದಮೇಲೆ ಬೇರೆಯಾಯಿತು. ಹೆಂಡತಿ ಭದ್ರಮ್ಮನಿಗೆ ಹೇಳಿ ತಪ್ಪು ಮಾಡಿದ. ಅವಳು ಅವನು ಹೊರಟ ಗಳಿಗೆಯಿಂದ ಬರುವ ತನಕ ಅನ್ನ ಮುಟ್ಟದೆ ಜಗಲಿಯಲ್ಲೇ ಕೂರತೊಡಗಿದಳು.

ಕನೆಕ್ಟರ್ ಬದಲಾಯಿಸಿಕೊಡಬೇಕೆಂದು ಮಂಚಯ್ಯ ಮನವಿ ಕೊಟ್ಟ, ಉಪಸಮಿತಿ ಸಭೆ ಸೇರಿತು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ಅಲುಗಾಡದೆ ತಲೆಯೆತ್ತಿಕೊಂಡು ಕೂರುತ್ತದೆ. ಇದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಅದನ್ನು ಮುಟ್ಟಬಾರದು. ಹಿರಿಯ ಸದಸ್ಯರೊಬ್ಬರು ಬಹಳ ಯೋಚಿಸಿ, "ಕಾರು ಜ್ವರಕ್ಕೆ ಕೂತೈತೆ. ಬುಟ್ಬುಡಿ, ತಾನೇ ಎದ್ದೇಳ್ತದೆ" ಎಂದರು. ಅದರಂತೆ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಯಾರೂ ಹತ್ತಿರ ಗಟ್ಟಿಯಾಗಿ ಮಾತಾಡಕೂಡದೆಂದು ಬೋರ್ಡು ತೂಗುಹಾಕಲಾಯಿತು. ವಾರ ಕಳೆದು ಕೀ ತಿರುಗಿಸಿದರೆ ದೀಪ ಹಾಗೇ ಇತ್ತು. ಜ್ವರ ಅಲ್ಲವೆಂದಮೇಲೆ ರೋಗವೇ ಇರಬೇಕು. ಮೂರನೆಯ ಸಾಧ್ಯತೆ ಹುಳುಗಳಲ್ಲಿಲ್ಲ. ಕೂಡಲೇ ಠರಾವು ಹೊರಟಿತು:

"ಸಂಘದ ವಾಹನದಲ್ಲಿ ಕಂಡುಬಂದಿರುವ ಕೆಂಪು ದೀಪವು ಸೋಂಕಿನ ಲಕ್ಷಣವಾಗಿರುವುದರಿಂದ, ಸದರಿ ದೀಪ ಆರುವವರೆಗೆ ವಾಹನಕ್ಕೆ ದುಪ್ಪಟ್ಟು ಪೌಡರು ಸಿಂಪಡಿಸತಕ್ಕದ್ದು. ಸೀಟಿನ ಕೆಳಭಾಗಕ್ಕೆ ವಿಶೇಷ ಗಮನ ಕೊಡತಕ್ಕದ್ದು. ಕನೆಕ್ಟರ್ ಎಂಬುದು ಹುಳು ಸಾಕಣೆಯ ಸಾಮಗ್ರಿಯಲ್ಲವಾದ್ದರಿಂದ ಅದರ ಖರೀದಿಗೆ ಅವಕಾಶವಿರುವುದಿಲ್ಲ. ಸಂಘದ ಸ್ವತ್ತಿಗೆ ಯಾರಾದರೂ ಸ್ವಂತ ಖರ್ಚಿನಲ್ಲಿ ಕನೆಕ್ಟರ್ ಹಾಕಿಸಿದರೆ ಅದನ್ನು ಅತಿಕ್ರಮಣವೆಂದು ಪರಿಗಣಿಸಲಾಗುವುದು."

ಕೊನೆಯ ವಾಕ್ಯ ತನಗಾಗಿಯೇ ಬರೆದದ್ದೆಂದು ಮಂಚಯ್ಯನಿಗೆ ಗೊತ್ತಾಯಿತು. ಆದರೂ ಹೇಳಿದ: "ಕೆಂಪಣ್ಣ, ನೀರ್ ಹೊಡ್ದಿದ್ಕೇ ದೀಪ ಹತ್ತಿರೋದು."

"ದೀಪ ಹತ್ತಿರೋದ್ಕೇ ಕಣ್ಲಾ ನೀರ್ ಹೊಡೀತಿರೋದು" ಎಂದು ಕೆಂಪಯ್ಯ ಸಮಾಧಾನದಿಂದ ತಿಳಿಹೇಳಿದ.

ದುಪ್ಪಟ್ಟು ಹೊಡೆದಮೇಲೆ ಕೆಂಪು ದೀಪಕ್ಕೆ ಜೊತೆಯಾಗಿ ಒಂದು ಹಳದಿ ದೀಪವೂ ಹತ್ತಿತು. ಔಷಧಿ ಒಳಗೆ ನಾಟುತ್ತಿದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು. ಅಧ್ಯಕ್ಷರಿಗೆ ಮಾತ್ರ ಎಲ್ಲೋ ಒಸಿ ಅಳುಕು. ಅವರು ಆಡಳಿತದ ದೃಷ್ಟಿಯಿಂದ ಹಿಂದಿನ ಸೀಟಿಗೆ, ಮಂಚಯ್ಯನ ಬೆನ್ನ ಹಿಂದಕ್ಕೆ ವರ್ಗವಾದರು. ಅವರು ಖಾಲಿ ಮಾಡಿದ ಜಾಗಕ್ಕೆ ಹುಳುವಿನ ತಟ್ಟೆಗಳನ್ನು ಜೋಡಿಸಿ ಬೆಲ್ಟು ಹಾಕಲಾಯಿತು. ಈಗ ಹೊಸ ಪ್ರಶ್ನೆ ಎದ್ದಿತು: ಆ ಚೀಲ ಅಕಸ್ಮಾತ್ ಬಿಚ್ಚಿಕೊಂಡರೆ ಮರಿ ಹುಳುಗಳ ಗತಿಯೇನು? ಅಪ್ಪಚ್ಚಿಯಾಗುತ್ತವೆ. ಆದ್ದರಿಂದ ಚೀಲ ಬಿಚ್ಚದಿರುವುದೇ ಕ್ಷೇಮವೆಂದು ಉಪಸಮಿತಿ ತೀರ್ಮಾನಿಸಿತು. ಈವರೆಗೆ ದೋಷವೆನಿಸಿಕೊಂಡಿದ್ದುದು ಹೀಗೆ ಸವಲತ್ತಾಯಿತು.

"ಅಧ್ಯಕ್ಷ್ರೆ, ನನ್ ಮುಂದಿನ ಚೀಲ?" ಎಂದ ಮಂಚಯ್ಯ.

"ನಿನ್ ಮುಂದೆ ಹುಳ ಐತೇನ್ಲಾ?"

"ಇಲ್ಲ."

"ಮತ್ತೆ? ಇಲ್ದಿರೋದ್ಕೆ ಯಾಕೆ ತಲೆ ಕೆಡಿಸ್ಕಂತೀಯ?"

ಮುಂದಿನ ತಿಂಗಳು ಹುಳು ತುಂಬಿಕೊಂಡು ಬರುವಾಗ ಆ ಇಳಿಜಾರಿನಲ್ಲೇ ಕುರಿಮಂದೆಯೊಂದು ಅಡ್ಡ ಬಂತು. ಮಂಚಯ್ಯ ಕುರಿಗಳನ್ನು ಉಳಿಸಿ ರಸ್ತೆ ಬದಿಯ ಕಲ್ಲಿಗೆ ಗುದ್ದಿದ. ಹುಳುಗಳಿಗೆ ಏನೂ ಆಗಲಿಲ್ಲ. ಬೆಲ್ಟಿನೊಳಗೆ ಕೂತು ಸೊಪ್ಪು ತಿನ್ನುತ್ತಲೇ ಇದ್ದವು. ಅಧ್ಯಕ್ಷರನ್ನು ಮಂಚಯ್ಯನ ಸೀಟು ತಡೆಯಿತು. ಮಂಚಯ್ಯನನ್ನು ಸ್ಟಿಯರಿಂಗು ತಡೆಯಿತು. ಎರಡು ಮುಂಬಲ್ಲು ಉದುರಿದವು, ಒಂದು ಪಕ್ಕೆಲುಬು ಬಿರುಕು ಬಿಟ್ಟಿತು. ಬಾಯಿಗೆ ಅಂಗೈ ಒಡ್ಡಿಕೊಂಡು ರಕ್ತ ಹಿಡಿಯುತ್ತಿದ್ದವನಿಗೆ ಭದ್ರಮ್ಮ ಇನ್ನೂ ಉಂಡಿಲ್ಲವಲ್ಲ ಎಂಬುದೊಂದೇ ಯೋಚನೆ. ಅಧ್ಯಕ್ಷರು ಅವನ ಹೆಗಲ ಮೇಲಿಂದ ಬಗ್ಗಿ ಮುಂದೆ ನೋಡಿದರು.

"ಲೋ ಮಂಚ, ದೀಪ ಆರೋಯ್ತು ಕಣ್ಲಾ!"

ನಿಜವಾಗಿಯೂ ಆರಿತ್ತು. ಗುದ್ದಿದ ರಭಸಕ್ಕೆ ಬ್ಯಾಟರಿ ಒಡೆದು, ಕಾರಿನಲ್ಲಿ ಆರಬಹುದಾದದ್ದೆಲ್ಲ ಆರಿತ್ತು. ಪೌಡರಿನ ಗುಣ ಸಾಬೀತಾಯಿತೆಂದು ಕೆಂಪಯ್ಯನನ್ನು ಅಭಿನಂದಿಸಲಾಯಿತು. ಕಾರಿನ ಮುಂಭಾಗ ಬಡಿದು ನೆಟ್ಟಗೆ ಮಾಡಿದ ನಿಯಾಜ್, ಸಂಘದ ಸಭೆಗೆ ಬಂದು ಹೊಸ ಬ್ಯಾಟರಿ ಹಾಕಬೇಕು ಎಂದ.

"ಹಾಕಿದ್ರೆ ದೀಪ ಹತ್ತುತ್ತಾ?" ಎಂದು ಅಧ್ಯಕ್ಷರು ಕೇಳಿದರು.

"ಹತ್ತುತ್ತೆ ಸಾರ್. ಕನೆಕ್ಟರ್ ಹಂಗೇ ಐತಲ್ಲ."

"ಅಲ್ಲಿಗೆ ರೋಗ ಇದ್ದದ್ದು ಬ್ಯಾಟರೀಲಿ" ಎಂದು ಅಧ್ಯಕ್ಷರು ಸಭೆಯತ್ತ ತಿರುಗಿದರು. ಸಭೆ ತಲೆಯಾಡಿಸಿತು. ಸದರಿ ವಾಹನಕ್ಕೆ ಇನ್ನು ಮುಂದೆ ಬ್ಯಾಟರಿ ಹಾಕಕೂಡದು, ಅದನ್ನು ಟ್ರ್ಯಾಕ್ಟರಿನಿಂದ ಎಳೆಸತಕ್ಕದ್ದು ಎಂದು ಠರಾವಾಯಿತು. ಟ್ರ್ಯಾಕ್ಟರು ಅಧ್ಯಕ್ಷರದೇ ಇದ್ದದ್ದು ಒಳ್ಳೆಯದಾಯಿತು. ಬಾಡಿಗೆಗೆ ಚೌಕಾಸಿ ಮಾಡುವ ಶ್ರಮ ಉಳಿಯಿತು. ಎ.ಸಿ. ಬದಲು ತಟ್ಟೆಗಳಿಗೆ ಒದ್ದೆ ಗೋಣಿತಾಟು ಹೊದಿಸಲಾಯಿತು. ಪಕ್ಕೆಗೆ ಪಟ್ಟಿ ಕಟ್ಟಿಕೊಂಡ ಮಂಚಯ್ಯ ಎಂದಿನಂತೆ ಸ್ಟಿಯರಿಂಗ್ ಹಿಡಿದು ಕೂರತೊಡಗಿದ. ಮಾಗಡಿಯಿಂದ, ಚನ್ನಪಟ್ಟಣದಿಂದ ಸಂಘಗಳವರು ಬಂದು ಈ ವ್ಯವಸ್ಥೆಯನ್ನು ನೋಡಿಕೊಂಡು ಹೋದರು.

ವಾರ್ಷಿಕ ಮಹಾಸಭೆಯಲ್ಲಿ ಮಂಚಯ್ಯನಿಗೆ ಸುರಕ್ಷಿತ ಚಾಲಕ ಎಂದು ಶಾಲು ಹೊದಿಸಿದರು. ಅವನ ಕೈಯಲ್ಲಿ ಕಾರಿನ ದೀಪ ಒಮ್ಮೆಯೂ ಹತ್ತದೆ ವರ್ಷ ಕಳೆದಿದೆಯೆಂದು ಕೆಂಪಯ್ಯ ಓದಿದ. ಮಂಚಯ್ಯ ಬಾಯಿ ಮುಚ್ಚಿಕೊಂಡೇ ನಕ್ಕು ಕೈಮುಗಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಭದ್ರಮ್ಮ, ಅದೂ ಮನಸಾರೆ. ಪಕ್ಕದಲ್ಲಿದ್ದ ಹೆಂಗಸು, "ಅಲ್ಲ ಕಣಕ್ಕ, ಎತ್ತಿನ ಗಾಡೀನೂ ಇದ್ಕಿಂತ ಬೇಗ ಬತ್ತದಲ್ಲ?" ಎಂದಳು.

"ಬೇಗ ಬರೋ ಕಾರು ಯಾರಿಗ್ ಬೇಕವ್ವ?" ಎಂದಳು ಭದ್ರಮ್ಮ. "ಮನೇಗ್ ಬರೋ ಕಾರಾದ್ರೆ ಸಾಕು."