ಲಾರಿ ಎಂಜಿನ್ನಿನ ಬೋಟು ಮತ್ತು ಮೂರು ಗಂಟೆ ನೀರು

ವನಗೂರಿನ ಆಸ್ಟಿನ್ ತನ್ನ ಹೋಂಸ್ಟೇ ಜಾಹೀರಾತಿನಲ್ಲಿ ‘ಬೋಟಿಂಗ್ ಸೌಲಭ್ಯ ಇದೆ’ ಎಂದು ಬರೆಸಿದ್ದೇ ತಪ್ಪಾಯಿತು. ಬೋಟು ಇದ್ದದ್ದೇನೋ ನಿಜ. ಅವನ ದೊಡ್ಡಪ್ಪ ಮೂವತ್ತು ವರ್ಷದ ಹಿಂದೆ ಮೋಜಿಗೆಂದು ಮಂಗಳೂರಿನಿಂದ ತಂದು ತೋಟದ ಕೆರೆಗೆ ಬಿಟ್ಟದ್ದು ಅದು. ಅದರ ಎಂಜಿನ್ ಸತ್ತು ಹತ್ತು ವರ್ಷವಾಗಿತ್ತು. ಆಮೇಲೆ ಅದರಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವೇ ಹೊರತು ಮನುಷ್ಯರ್ಯಾರೂ ಹತ್ತಿರಲಿಲ್ಲ.

ಆ ಜಾಹೀರಾತು ನೋಡಿ, ಟೂರ್ ಕಂಪನಿಯ ಶ್ವೇತಾ ಎಂಬುವರು ಇವತ್ತು ಸಂಜೆ ನಾಲ್ಕಕ್ಕೆ ಬರುತ್ತೇನೆಂದಿದ್ದರು. ಬೋಟಿಂಗ್ ಹಿಡಿಸಿದರೆ ಬೇಸಿಗೆ ಪೂರ್ತಿ ಜನ ಕಳಿಸುತ್ತಾರೆ. ಹಿಡಿಸದಿದ್ದರೆ?

“ಹಿಡಿಸ್ದಿದ್ರೆ ನಾಳೆಯಿಂದ ಹೋಂಸ್ಟೇ ಬಂದ್. ಆ ರೂಮುಗಳಿಗೆ ಕಾಫಿ ಮೂಟೆ ತುಂಬಿಸ್ತೀನಿ,” ಎಂದಳು ಹೆಂಡತಿ ಮರೀನಾ. “ಎರಡು ವರ್ಷದಿಂದ ಒಂದು ನೊಣಾನೂ ಬಂದು ಉಳ್ಕೊಂಡಿಲ್ಲ.”

ಮರೀನಾ ಹೇಳಿದ್ದನ್ನು ಮಾಡಿಯೇ ಬಿಡುವವಳು. ಅದಕ್ಕೇ ಆಸ್ಟಿನ್ ಬೆಳಗೋಡಿನ ಮೆಕ್ಯಾನಿಕ್ ಬಸವರಾಜುವನ್ನು ಹಿಡಿದಿದ್ದ. ತಿರುವಿನಲ್ಲಿ ಮಗುಚಿಕೊಂಡ ಹೊಸ ಮಾಡೆಲ್ ಲಾರಿಯೊಂದರ ಎಂಜಿನ್ ತಂದು ಬೋಟಿಗೆ ಕೂರಿಸಿದ್ದಾಗಿತ್ತು. ಬೋಟು ಎಂದರೆ ನೀರಿನಲ್ಲಿರುತ್ತದೆ ಎಂಬುದಷ್ಟೇ ಬಸವರಾಜುವಿಗೆ ಗೊತ್ತಿದ್ದದ್ದು.

ಬೆಳಿಗ್ಗೆ ಕೀ ತಿರುಗಿಸಿದರೆ ಎಂಜಿನ್ ಕಮಕ್ ಕಿಮಕ್ ಎನ್ನಲಿಲ್ಲ.

“ಈಗಿನ ಕಾಲದ ಎಂಜಿನ್ನು ಸಾರ್. ಸುತ್ತ ಪೂರ್ತಿ ಲಾರಿ ಐತೆ ಅಂತ ಅದಕ್ಕೆ ನಂಬ್ಕೆ ಬರ್ಬೇಕು,” ಎಂದ ಬಸವರಾಜು.

ಡ್ಯಾಶ್‌ಬೋರ್ಡ್ ಬಂತು. ಕ್ಲಚ್ಚು, ಬ್ರೇಕು ಬಂದವು. ಬೆಲ್ಟಿನ ಸಮೇತ ಡ್ರೈವರ್ ಸೀಟೂ ಬಂತು. ಪಕ್ಕದ ತೋಟದ ತೋಟಪ್ಪ ದಡದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, “ಮುಂದ್ಗಡೆ ಒಂದು ನಿಂಬೆಹಣ್ಣು ಕಟ್ರಿ, ಅದೊಂದೇ ಬಾಕಿ,” ಎಂದ. ಆಸ್ಟಿನ್ ಬೋಟಿನ ಮುಂದೆ ಮೊದಲೇ ತೂಗಿಬಿಟ್ಟಿದ್ದ ಶಿಲುಬೆಯ ಜಪಸರದ ಪಕ್ಕದಲ್ಲಿ ಅದನ್ನೂ ಕಟ್ಟಿದ.

ಬೆಲ್ಟ್ ಹಾಕಿ ಕೂತು ಕೀ ತಿರುಗಿಸಿದ್ದೇ ತಡ, ಎಂಜಿನ್ ಗುಡುಗಿತು! ಆಸ್ಟಿನ್ ಫಸ್ಟ್ ಗೇರ್ ಹಾಕಿದ. ಬೋಟು ಹಿಂದಕ್ಕೆ ಹೋಯಿತು. ಸೆಕೆಂಡ್ ಹಾಕಿದ. ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿತು. ಅಲ್ಲಿ ಒಗೆಯಲು ಹಾಕಿದ್ದ ಹೋಂಸ್ಟೇಯ ಹೊಸ ಬೆಡ್‌ಶೀಟೊಂದು ನೀರೊಳಗೆ ತಿರುಗುವ ಬೋಟಿನ ಫ್ಯಾನಿಗೆ ಸುತ್ತಿಕೊಂಡಿತು.

“ಏನೋ ಇದು ಬಸವರಾಜು!”

“ಹಳೇ ಎಂಜಿನ್ನು ಎಡಕ್ಕೆ ತಿರುಗ್ತಿತ್ತೇನೋ ಸಾರ್, ಇದು ಬಲಕ್ಕೆ ತಿರುಗ್ತೈತೆ. ರಿವರ್ಸ್ ಹಾಕ್ಬುಡಿ, ಮುಂದಕ್ಕೆ ಹೋಯ್ತದೆ.”

ಬೆಡ್‌ಶೀಟ್ ಬಿಡಿಸಿ ರಿವರ್ಸ್ ಹಾಕಿದರೆ ಹೋಗಿಯೇ ಹೋಯಿತು. ಆದರೆ ಲಾರಿಯ ವೈರಿಂಗೆಲ್ಲ ಹಾಗೇ ಇತ್ತಲ್ಲ! ಬೋಟು ಗಂಭೀರವಾಗಿ ಮುಂದೆ ಸಾಗುತ್ತಿದ್ದರೆ, “ದಯವಿಟ್ಟು ಗಮನಿಸಿ, ವಾಹನ ಹಿಂದಕ್ಕೆ ಬರುತ್ತಿದೆ” ಎಂದು ಹೆಣ್ಣುದನಿಯೊಂದು ಇಡೀ ತೋಟಕ್ಕೆ ಸಾರತೊಡಗಿತು. ದಡದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ, ಬೋಟು ಓಡುತ್ತಿತ್ತಲ್ಲ! ಆಸ್ಟಿನ್‌ಗೆ ಅಳು ಬರುವಷ್ಟು ಸಂತೋಷವಾಯಿತು.

ಆಗ ಹನ್ನೆರಡು ಗಂಟೆ. ದಡಕ್ಕೆ ಬಂದವನ ಕೈಯನ್ನು ತೋಟಪ್ಪ ಹಿಡಿದುಕೊಂಡ.

“ಆಸ್ಟಿನಣ್ಣ, ನನ್ ಕಾಫಿ ಹೂ ಬಿಟ್ಟೈತೆ. ಈಗ ಇನ್ನೊಂದ್ಸಲ ನೀರು ಕೊಡ್ದಿದ್ರೆ ಕಾಯಿ ಕಚ್ಚಲ್ಲ. ನನ್ ಕೆರೆ ನೋಡಿದ್ರೆ ಒಣಗೋಗೈತೆ. ನಿಮ್ ಎಂಜಿನ್ನಿಗೆ ನನ್ ದೊಡ್ಡ ಪಂಪು ಕಟ್ಕೊಂಡು, ಮೂರು ಗಂಟೆ ನೀರು ದಿಬ್ಬ ದಾಟ್ಸಿ ನನ್ ಕೆರೆಗೆ ಬಿಟ್ಕೊತೀನಿ ಮಾರಾಯ್ರೆ.”

ಹೂವಿನ ಕಾಲದಲ್ಲಿ ನೀರು ಕೇಳಿದರೆ ಆ ಸೀಮೆಯಲ್ಲಿ ಯಾರೂ ‘ಇಲ್ಲ’ ಎನ್ನುವುದಿಲ್ಲ. ಕೊಡುವುದೂ ಗಂಟೆಯ ಲೆಕ್ಕದಲ್ಲೇ. ಮೂರು ಗಂಟೆ ನೀರೆಂದರೆ ಕೆರೆ ಒಂದು ಗೇಣು ಇಳಿಯುತ್ತದೆ, ಅಷ್ಟೆ. “ಅದಕ್ಕೇನಂತೆ, ತಗೊಳ್ಳಿ,” ಎಂದು ಆಸ್ಟಿನ್ ಧಾರಾಳವಾಗಿ ಹೇಳಿ, ಬಸವರಾಜುವನ್ನು ಎಂಜಿನ್ ಹತ್ತಿರ ಬಿಟ್ಟು, ಮನೆಗೆ ಹೋಗಿ ಉಂಡು ಅಡ್ಡಾದ. ಆ ಗೇಣಿನ ಲೆಕ್ಕ ಸಣ್ಣ ಪಂಪ್‌ಸೆಟ್ಟುಗಳದ್ದು, ಇದು ಹತ್ತು ಟನ್ ಹೊತ್ತು ಘಾಟಿ ಏರುವ ಎಂಜಿನ್ ಎಂಬುದು ಅವನಿಗೂ ಹೊಳೆಯಲಿಲ್ಲ, ತೋಟಪ್ಪನಿಗೂ ಹೊಳೆಯಲಿಲ್ಲ.

ನಾಲ್ಕಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನೋಡಿದರೆ ಕೆರೆಯಲ್ಲಿ ಬರೀ ಕೆಸರು. ನಡುವೆ ಬೋಟು ಓರೆಯಾಗಿ ಕೂತಿತ್ತು. ತೋಟದ ಲೈನ್‌ಮನೆಗಳ ಕೂಲಿಯವರು ಬುಟ್ಟಿ ತಂದು ಮೀನು ಹಿಡಿಯುತ್ತಿದ್ದರು.

“ಅಯ್ಯೋ ದೇವ್ರೇ! ನನ್ ಕೆರೆ ಎಲ್ಲೋ?”

“ಮೂರು ಗಂಟೆ ಅಂದಿದ್ರಲ್ಲ ಸಾರ್. ಒಂದು ನಿಮ್ಷಾನೂ ಜಾಸ್ತಿ ಓಡ್ಸಿಲ್ಲ,” ಎಂದ ಬಸವರಾಜು.

ಶ್ವೇತಾ ಬಂದರೆ ಏನು ಹೇಳುವುದು? ಆಸ್ಟಿನ್ ರಸ್ತೆ ನೋಡುತ್ತ ನಿಂತ. ನಾಲ್ಕೂವರೆಯಾಯಿತು, ಐದಾಯಿತು, ಕಾರು ಬರಲಿಲ್ಲ. ಬಂದವನು ತೋಟಪ್ಪ, ಏದುಸಿರು ಬಿಡುತ್ತ.

“ಆಸ್ಟಿನಣ್ಣ, ನನ್ ಕೆರೆ ಏರಿ ಮಟ್ಟ ತುಂಬ್ಬುಟ್ಟೈತೆ! ಹೂವಿಗೆ ಕೊಟ್ರೂ ಬೇಸ್ಗೆ ಕಳೆಯೋವಷ್ಟು ಉಳೀತದೆ. ನಿಮ್ ಉಪ್ಕಾರ ಸಾಯೋತಂಕ ಮರೆಯಲ್ಲ. ಆ ಶ್ವೇತಾ ಮೇಡಮ್ಮು ದಾರಿ ಕೇಳೋಕೆ ನಮ್ಮನೆ ಮುಂದೆ ಕಾರು ನಿಲ್ಸಿದ್ರು. ಕೆರೆ ನೋಡಿದ್ದೇ, ‘ಬೋಟಿಂಗ್ ಇಲ್ಲೇನಾ?’ ಅಂದ್ರು. ನಾನೂ ಹೂಂ ಅಂದ್ಬುಟ್ಟೆ. ನಮ್ ಹಳೇ ಮನೆ ಖಾಲಿ ಬಿದ್ದೈತಲ್ಲ, ಬೇಸ್ಗೆ ಪೂರ್ತಿ ಬುಕ್ ಮಾಡ್ಬುಟ್ಟು ಹೋದ್ರು!”

ತೋಟಪ್ಪ ಕೆಸರಿನಲ್ಲಿ ಕೂತ ಬೋಟಿನ ಕಡೆ ಕೈ ತೋರಿಸಿದ.

“ನೀರಿಲ್ದೆ ನಿಮ್ ಬೋಟು ಇಲ್ಲಿ ಸುಮ್ನೆ ಕೂತಿರ್ತದೆ. ಕೊಡಿ, ನಮ್ ಕೆರೆಗೆ ಹಾಕ್ಕೊತೀನಿ. ಮತ್ತೆ, ಅದನ್ನ ಓಡ್ಸೋಕೆ ನಿಮ್ಮನ್ ಬಿಟ್ರೆ ಯಾರಿಗೆ ಬತ್ತದೆ? ನಾಳೆ ಬೆಳಿಗ್ಗೆ ಎಂಟಕ್ಕೆಲ್ಲ ಬಂದ್ಬುಡಿ ಮಾರಾಯ್ರೆ.”

ಆಸ್ಟಿನ್ ದಿಕ್ಕು ತೋಚದೆ, ಗಲಾಟೆ ಕೇಳಿ ದಡಕ್ಕೆ ಬಂದು ನಿಂತಿದ್ದ ಹೆಂಡತಿಯ ಮುಖ ನೋಡಿದ. ಮರೀನಾ ತೋಟಪ್ಪನ ಕಡೆ ತಿರುಗಿದಳು.

“ಮಧ್ಯಾಹ್ನದ ಊಟ ನೀವೇ ಹಾಕ್ತೀರಾ, ಇಲ್ಲ ನಾನು ಡಬ್ಬಿ ಕಟ್ಬೇಕಾ?”